ತೆಳು ಲೇಪ

ಮೊದಲ ವಾರ ಸೂಜಿ ಕೊಡಲೇ ಇಲ್ಲ.
ಗಾಜಿನ ಪಟ್ಟಿ ಕೊಟ್ಟರು, ಡಬ್ಬಿಗೆ ಐವತ್ತು.
ತೊಳೆ, ಒರೆಸು, ಕಿಟಕಿಯ ಬೆಳಕಿಗೆ ಹಿಡಿ,
ಬೆರಳ ಗುರುತು ಕಂಡರೆ ಮತ್ತೆ ತೊಳೆ.
ಮುಸುರೆ ಬಿಟ್ಟು ಬಂದೆ ಅಂದುಕೊಂಡಿದ್ದೆ.

ಇಸ್ಮೇನಿಯಾ ಮಿಸ್ ಹಾಜರಿ ಕರೆವಾಗ
ನನ್ನ ಹೆಸರಿನ ಒತ್ತಕ್ಷರ ಬಿದ್ದುಹೋಗುತ್ತದೆ.
ನೀಲವಾ, ಅನ್ನುತ್ತಾರೆ,
ಯಾವುದೋ ಚರ್ಚಿನ ದಾರಿಯಲ್ಲಿ ಸಿಗುವ ಹೂವಿನ ಹಾಗೆ.
ಇದ್ದೇನೆ ಮಿಸ್. ಒತ್ತಿಲ್ಲದೆಯೂ ಇದ್ದೇನೆ.

ಆಮೇಲೆ ಸೂಜಿ.
ಮೊದಲ ತೋಳು ಕಾಣಕೋಣದ ರೋಯ್ಸ್ಟನ್‌ದು,
ಹಗ್ಗದಂಥ ನರ, ಯಾರಿಗಾದರೂ ಸಿಗುವಂಥದ್ದು.
ಕಣ್ಣಲ್ಲಿ ಹುಡುಕಬೇಡ, ಬೆರಳಲ್ಲಿ ಹುಡುಕು, ಎಂದರು ಮಿಸ್.
ಪಟ್ಟಿ ಬಿಗಿದೆ, ಹುಡುಕಿದೆ, ಸಿಕ್ಕಿತು,
ಚುಚ್ಚಿದೆ, ತಪ್ಪಿತು.
ಏನೂ ಆಗಲಿಲ್ಲ ಎಂದು ನಕ್ಕ ರೋಯ್ಸ್ಟನ್
ನಗುತ್ತಲೇ ಸ್ಟೂಲಿನಿಂದ ಜಾರಿದ.

ರಕ್ತ ಹರಡುವ ದಿನ ಬಂತು.
ಒಂದು ಹನಿ. ಇನ್ನೊಂದು ಗಾಜನ್ನು ಓರೆಯಾಗಿ ಹಿಡಿ,
ಹನಿ ಮುಟ್ಟುವ ತನಕ ಹಿಂದೆ ಸರಿ,
ಅಂಚಿನುದ್ದಕ್ಕೂ ಅದು ಓಡಲಿ,
ಈಗ ಒಂದೇ ಉಸಿರಿಗೆ ಮುಂದೆ.
ಎಲ್ಲರದೂ ದಪ್ಪ, ಇಲ್ಲವೇ ತೂತು,
ಒಬ್ಬಳದು ಅಡ್ಡಗೆರೆಗಳ ಏಣಿ.
ನನ್ನದು ನಾಲಿಗೆಯ ಹಾಗೆ ಇಳಿದು
ತುದಿಯಲ್ಲಿ ಇಲ್ಲವೆಂಬಷ್ಟು ತೆಳುವಾಯಿತು.
ಎಲ್ಲಿ ಕಲಿತೆ, ಎಂದರು ಮಿಸ್.

ನಮ್ಮಪ್ಪ ಗಿಲಾಯಿ ಮಾಡುವವನು.
ದಾಬೋಳಿಯಲ್ಲಿ ವಿಮಾನ ಕಾಣುವ ಫ್ಲ್ಯಾಟುಗಳ
ಎಷ್ಟೋ ಗೋಡೆ ಅವನ ಕರಣಿಯವು.
ಶಾಲೆ ರಜೆಯಿದ್ದಾಗ ಬುಟ್ಟಿ ಎತ್ತಿಕೊಡುತ್ತಿದ್ದೆ.
ಒತ್ತಬ್ಯಾಡ, ಅನ್ನುತ್ತಿದ್ದ, ಗ್ವಾಡಿನ ಎಳಕೋತೈತಿ.
ನಡುವ ನಿಂತೆಂದ್ರ ಗೆರಿ ಬೀಳತೈತಿ.
ಇದನ್ನು ಮಿಸ್‌ಗೆ ಯಾವ ಭಾಷೆಯಲ್ಲಿ ಹೇಳಲಿ?
ಹೀಗೇ ಬಂತು ಮಿಸ್, ಎಂದೆ.

ಬುಧವಾರ ಕಾರ್ಡಿನ ದಿನ.
ಕಟ್ಟಡದ ಕೆಲಸದವರೆಲ್ಲ ಸಾಲು ನಿಲ್ಲುತ್ತಾರೆ,
ಮಲೇರಿಯಾ ಇಲ್ಲವೆಂದು ರಕ್ತ ಹೇಳಬೇಕು.
ಸಿಮೆಂಟು ತಿಂದ ಬೆರಳುಗಳು,
ಮುಳ್ಳು ಚುಚ್ಚಿದರೂ ಒಳಗೆ ಸುದ್ದಿ ಹೋಗುವುದಿಲ್ಲ.
ಉಂಗುರ ಬೆರಳಿನ ಬದಿ ಹಿಡಿದು ಒತ್ತುತ್ತೇನೆ.
ಯಾವೂರವ್ವಾ ನಿಂದು?
ವಾಸ್ಕೋ.
ಅದಲ್ಲ, ಮೂಲ?
ಹಾನಗಲ್ಲ ಕಡೆ, ಎಂದೆ, ನಾನು ಎರಡು ಸಲ ಕಂಡ ಊರು.
ಹಂಗಾದ್ರ ನಮ್ಮಾಕಿನ ನೀ, ಎಂದು
ಇನ್ನೊಂದು ಬೆರಳನ್ನೂ ಚಾಚಿದ
ಮುಂಡರಗಿಯ ದ್ಯಾಮಪ್ಪ, ಬೇಡವೆಂದರೂ.

ಬಣ್ಣ ಹಾಕಿ, ಒಣಗಿಸಿ, ಎಣ್ಣೆಯ ಹನಿ ಬಿಟ್ಟು
ಕಣ್ಣಿಟ್ಟೆ.
ಮೊದಲು ಬರೀ ಗುಲಾಬಿ ಮಬ್ಬು.
ತಿರುಪು ತಿರುವಿದೆ, ಮಬ್ಬು ಬಿಲ್ಲೆಗಳಾಯಿತು.
ಎಡದಿಂದ ಬಲಕ್ಕೆ, ಒಂದು ಸಾಲು ಇಳಿದು ಬಲದಿಂದ ಎಡಕ್ಕೆ,
ಎಳ್ಳು ಆರಿಸುವ ಹಾಗೆ.
ಅಲ್ಲಿತ್ತು. ನೀಲಿ ಉಂಗುರ, ಕೆಂಪು ಹರಳು.
ಪಕ್ಕದಲ್ಲಿ ಒಂದೇ ಬಿಲ್ಲೆಯೊಳಗೆ ಎರಡು.
ಬರೆಂ, ಬರೆಂ! ಎಂದರು ಮಿಸ್, ಎಷ್ಟು ಚಂದದ ಸ್ಲೈಡು,
ಎಲ್ಲರೂ ಬನ್ನಿ.
ಎಲ್ಲರೂ ಬಂದರು, ಒಬ್ಬೊಬ್ಬರಾಗಿ ಬಗ್ಗಿ ನೋಡಿದರು.
ಪರೀಕ್ಷೆಗೆ ಇಂಥದ್ದೇ ಬರಲಿ ಎಂದಳು ಒಬ್ಬಳು.
ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳೇಕೆ.

ಹೊರಗೆ ಬೆಂಚಿನ ಮೇಲೆ ಟವೆಲು ಹೊದ್ದು ಕೂತಿದ್ದ.
ಏನರ ಕಾಣ್ತೇನ ತಂಗಿ?
ಸೂಚನೆ ಪುಸ್ತಕದ ಮೂರನೆಯ ಪುಟ:
ಫಲಿತಾಂಶ ಹೇಳುವುದು ನಮ್ಮ ಕೆಲಸವಲ್ಲ.
ಡಾಕ್ಟರು... ಎಂದೆ, ನಿಂತೆ,
ಡಾಕ್ಟರು ಹೇಳ್ತಾರ, ಅಣ್ಣಾ.
ಮತ್ತೆ ಯಾವ ಪುಟದಲ್ಲೂ ಇಲ್ಲದ್ದು:
ಇವತ್ತ ಕೆಲಸಕ್ಕ ಹೋಗಬ್ಯಾಡ. ಫ್ಯಾನಿನ ಕೆಳಗ ಕೂಡ್ರು.
ಅವನು ನನ್ನ ಬಾಯಿಯನ್ನಲ್ಲ, ಕಣ್ಣನ್ನು ನೋಡಿದ.
ಬೆರಳಲ್ಲಿ ಹುಡುಕಿದಂತೆ ನೋಡಿದ.

ಝುವಾರಿನಗರಕ್ಕೆ ಬಸ್ಸು ಇಳಿದು ಬಂದಾಗ ಕತ್ತಲು.
ಹೆಬ್ಬೆರಳಿಗೆ ಹತ್ತಿದ ನೇರಳೆ ಬಣ್ಣ
ಮೂರು ಸಲ ಸೋಪು ಹಚ್ಚಿದರೂ ಬಿಡದೆ
ಹಾಗೇ ಹಿಟ್ಟು ನಾದಿದೆ.
ಅಪ್ಪ ನಲ್ಲಿಯ ಹತ್ತಿರ ಮೊಣಕೈ ತಿಕ್ಕುತ್ತ ಕೇಳಿದ,
ಇವತ್ತೇನ ಕೆಲಸ ಕೊಟ್ಟಿದ್ರು?
ಗಿಲಾಯಿ, ಎಂದೆ. ನಗಲಿ ಎಂದೇ ಅಂದದ್ದು.
ಅವನು ನಗಲಿಲ್ಲ.
ನೀರು ನಿಲ್ಲಿಸಿ ಕೇಳಿದ:
ನಡುವ ನಿಂತೇನು?